ಜಮಖಾನ ಬಿಟ್ಟು ಎದ್ದವನು

ಬೆಳಗಿನಿಂದ ಇದೇ ನಡೆದಿತ್ತು. ಒಳಗೆ ಹೋಗಿ ಚಿಲಕ ಹಾಕುವುದು, ಮುಗಿಯಿತು ಅಂದುಕೊಂಡು ಕೈಕಾಲು ತೊಳೆದು ಹೊರಗೆ ಬರುವುದು, ಪಂಚೆಯ ನೆರಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ ಹೊಸ್ತಿಲು ದಾಟಿದ ಮೇಲೆ ಮಾತು ನೆನಪಾದವರ ಹಾಗೆ ಹೊಟ್ಟೆಯೊಳಗಿನಿಂದ ಯಾರೋ ಮತ್ತೆ ಕರೆಯುವುದು. ಬಚ್ಚಲ ಪಕ್ಕದ ಆ ಸಣ್ಣ ಕೋಣೆಯಲ್ಲಿ ಕೂತು ನಾಗೇಂದ್ರಪ್ಪ ಎದುರುಗೋಡೆಯಲ್ಲಿ ಸುಣ್ಣ ಕಿತ್ತುಹೋದ ಜಾಗವನ್ನು ನೋಡುತ್ತಿದ್ದ. ಆಪರೇಷನ್ ಆದಾಗಿನಿಂದ ಆ ಜಾಗ ಅವನಿಗೆ ಮನೆಯವರ ಮುಖದಷ್ಟೇ ಪರಿಚಯವಾಗಿತ್ತು. ಒಂದು ಮಗ್ಗುಲಿಂದ ನೋಡಿದರೆ ಮಲಗಿದ ಎತ್ತು, ಇನ್ನೊಂದು ಮಗ್ಗುಲಿಂದ ನೋಡಿದರೆ ತೀರಿಹೋದ ಸೋದರಮಾವ. ಇವತ್ತು ಸೋದರಮಾವನೇ ಕಾಣುತ್ತಿದ್ದ, ಅದೂ ಹಲ್ಲು ಬಿಟ್ಟುಕೊಂಡು.

"ಏನ್ರಿ, ಒಳಗೇನು ಬಿಡಾರ ಹೂಡೀರೇನು?" ಹೊರಗಿನಿಂದ ಹೆಂಡತಿ ಜಂಬಕ್ಕ ಕೂಗಿದಳು. "ಟ್ರ್ಯಾಕ್ಸ್ ಬಂದು ನಿಂತೈತಿ."

"ಬಂದೆ, ಬಂದೆ. ಬಿಡಾರ ಕೀಳಾಕ ಹತ್ತೀನಿ."

ತೆಲಿಗಿಗೆ ಹೋಗಬೇಕಿತ್ತು. ಮಗಳು ಪುಷ್ಪಲತಾಳ ಸಂಬಂಧದ ಕೊನೆಯ ಮಾತು. ಹುಡುಗ ಕೊಟ್ರಸ್ವಾಮಿ ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಹುಡುಗ ಹುಡುಗಿ ಒಬ್ಬರಿಗೊಬ್ಬರು ಮನಸ್ಸಿಗೆ ಬಂದಾಗಿತ್ತು. ಉಳಿದದ್ದು ಎರಡೂ ಕಡೆಯ ಹಿರಿಯರು ಜಮಖಾನದ ಮೇಲೆ ಕೂತು ಮಾತಾಡಿ ಎಲೆ ಅಡಿಕೆ ಬದಲಾಯಿಸುವುದು. ಬರೀ ಕೂರುವುದು. ಊರೆಲ್ಲ ಹೊಗಳುತ್ತಿದ್ದ ಆ ಒಂದು ವಿದ್ಯೆಯೇ ಈಗ ನಾಗೇಂದ್ರಪ್ಪನ ಕೈಬಿಟ್ಟಿತ್ತು.

ಕೊಟ್ಟೂರಿನಲ್ಲಿ ಅವನದು ಮಂಡಕ್ಕಿ ಭಟ್ಟಿ. ಆದರೆ ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರು ನಡೆಯುತ್ತಿದ್ದದ್ದು ಮಂಡಕ್ಕಿಯಿಂದಲ್ಲ. ಅಣ್ಣತಮ್ಮಂದಿರ ಪಾಲು, ಬಾವಿಯ ಸರದಿ, ಗಂಡಹೆಂಡಿರ ಜಗಳ ಏನೇ ಇರಲಿ, ನಾಗೇಂದ್ರಪ್ಪನನ್ನು ಕರೆಸಿರಿ ಎನ್ನುತ್ತಿದ್ದರು. ಅವನೇನು ಕಾನೂನು ಓದಿದವನಲ್ಲ, ಮಾತಿನ ಮಲ್ಲನೂ ಅಲ್ಲ. ಸುಮ್ಮನೆ ಕೂರುತ್ತಿದ್ದ. ಈ ಸೀಮೆಯಲ್ಲಿ ಹಿರಿಯರು ಜಮಖಾನದ ಮೇಲೆ ಕೂತರೆ ಎಲೆ ಅಡಿಕೆ ಕೈ ಬದಲಾಗುವ ತನಕ ಯಾರೂ ಏಳುವಂತಿಲ್ಲ. ನೀರು ಬೇಕಿದ್ದರೆ ಅಲ್ಲಿಗೇ ಬರುತ್ತದೆ. ನಡುವೆ ಯಾರು ಎದ್ದರೋ ಅವರು ಮಾತು ಮುರಿದ ಹಾಗೆ. ನೀಲಗುಂದದ ಅಣ್ಣತಮ್ಮಂದಿರ ಬಾವಿಯ ನ್ಯಾಯದಲ್ಲಿ ಅವನು ಬೆಳಗಿನ ಉಣಿಸಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಚಕ್ಕಳಮಕ್ಕಳ ಹಾಕಿ ಮಿಸುಕದೆ ಕೂತಿದ್ದ. ಕೊನೆಗೆ ಜಗಳಗಂಟ ಅಣ್ಣನೇ ಕಾಲು ಜೋಮು ಹಿಡಿದು, "ಅವನು ಹೇಳಿದಂಗ ಆಗ್ಲಿ, ನನ್ನ ಮ್ಯಾಲೆ ಎತ್ರಪ್ಪ" ಎಂದು ಅತ್ತಿದ್ದ. ಆವತ್ತು ಮನೆಗೆ ಬರುವಾಗ ನಾಗೇಂದ್ರಪ್ಪನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ತನ್ನ ಕುಂಡೆಗೆ ಒಂದು ಸನ್ಮಾನ ಮಾಡಬೇಕು ಎಂದು ಜಂಬಕ್ಕನೊಂದಿಗೆ ತಮಾಷೆ ಮಾಡಿದ್ದ. ಈಗ ಅದು ನೆನಪಾದರೆ ನಗುವೂ ಬರುತ್ತಿತ್ತು, ಎದೆಯಲ್ಲಿ ಏನೋ ಚುಚ್ಚಿದಂತೆಯೂ ಆಗುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವನು. "ಅಂಗಡಿ ಹಿಂದೆ ಗೋದಾಮು ಇದೆಯಾ ಯಜಮಾನ್ರೇ?" ಎಂದು ಕೇಳಿದ್ದ. ಐತ್ರಿ ಅಂದಿದ್ದ ನಾಗೇಂದ್ರಪ್ಪ, ಇವನಿಗ್ಯಾಕೆ ನನ್ನ ಗೋದಾಮು ಎಂದುಕೊಳ್ಳುತ್ತ. "ಹೊಟ್ಟೆಗೂ ಕೊನೇಲಿ ಒಂದು ಗೋದಾಮಿರುತ್ತೆ. ನಿಮ್ಮ ಗಂಟು ಅಲ್ಲೇ ಇದ್ದಿದ್ದು. ಗಂಟಿನ ಜೊತೆ ಗೋದಾಮನ್ನೂ ತೆಗೆದಿದೀವಿ. ಇನ್ಮೇಲೆ ಬಂದ ಲೋಡು ಬಂದ ಹಾಗೇ ಬೀದಿಗೆ ಇಳಿಯುತ್ತೆ. ದಿನ ಕಳೆದ ಹಾಗೆ ಸುಧಾರಿಸುತ್ತೆ, ಆದರೆ ಮೊದಲಿನ ಹಾಗಾಗಲ್ಲ." ಮೊದಲ ಕೆಲವು ತಿಂಗಳು ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡಿದ್ದ. ಅದನ್ನು ತೆಗೆದು ಕರುಳು ಜೋಡಿಸಿದ ದಿನ ಗೆದ್ದೆ ಎಂದುಕೊಂಡಿದ್ದ. ಗೆದ್ದದ್ದು ನಿಜವೇ, ಗಂಟು ಮತ್ತೆ ಬಂದಿರಲಿಲ್ಲ. ಆದರೆ ಗೆದ್ದವನು ಭಟ್ಟಿಯ ಗಲ್ಲೆಯ ಮೇಲೆ ಒಂದು ಗಳಿಗೆ ನೆಟ್ಟಗೆ ಕೂರಲಾರದೆ ಹೋದ. ಗಾಳಿ ಬಂದಿತೋ ಮತ್ತೊಂದು ಬಂದಿತೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಹಡಗಲಿ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಇಳಿದಾಗ ಕಂಡಕ್ಟರು, "ಯಜಮಾನ್ರಿಗೆ ಅರ್ಜೆಂಟ್, ಎಲ್ರೂ ಆ ಕಡಿ ನೋಡ್ರಿ" ಎಂದು ಕೂಗಿದ್ದ. ಇಡೀ ಬಸ್ಸು ಈ ಕಡೆಯೇ ನೋಡಿತ್ತು.

ಊರಿಗೆ ಹೇಳಿದ್ದು ಮೂಲವ್ಯಾಧಿ ಎಂದು. ಕ್ಯಾನ್ಸರ್ ಎಂದರೆ ಆ ಮನೆತನದ ರಕ್ತದಲ್ಲೇ ಐತಿ ಎಂದು ಪುಷ್ಪಲತಾಳನ್ನು ಯಾರೂ ಕೇಳಲಿಕ್ಕಿಲ್ಲ ಎಂಬ ಭಯ. ಸುಳ್ಳು ಹೇಳೋಣ ಎಂದವನು ನಾಗೇಂದ್ರಪ್ಪನೇ. ಜಂಬಕ್ಕ ಬೇಡವೆಂದಿದ್ದಳು. ಹೇಳಿದ ಮೇಲೆ ಊರಿಗೆ ಊರೇ ವೈದ್ಯನಾಯಿತು. ಒಬ್ಬರು ಸುವರ್ಣಗಡ್ಡೆ ತಂದರು, ಒಬ್ಬರು ಮೂಲಂಗಿ ರಸ ಕುಡಿಸಿದರು, ಕೂಡ್ಲಿಗಿಯಿಂದ ಒಬ್ಬರು ತಾಮ್ರದ ಉಂಗುರವನ್ನೇ ಕಳಿಸಿದರು. ಉಂಗುರವನ್ನು ಹಾಕಿಕೊಳ್ಳುವುದು ಎಲ್ಲಿಗೆ ಎಂದು ಜಂಬಕ್ಕ ಕೇಳಿ ಬಿದ್ದು ಬಿದ್ದು ನಕ್ಕಿದ್ದಳು.

ಟ್ರ್ಯಾಕ್ಸ್ ಹರಪನಹಳ್ಳಿಯ ರಸ್ತೆ ಹಿಡಿಯಿತು. ಮುಂದಿನ ಸೀಟಿನಲ್ಲಿ ಇಬ್ಬರು ದಾಯಾದಿ ಹಿರಿಯರು ಮೆಣಸಿನಕಾಯಿ ಬೆಳೆಯ ಬಗ್ಗೆ ಮಾತಾಡುತ್ತಿದ್ದರು. ನಾಗೇಂದ್ರಪ್ಪ ಕಿಟಕಿಯಿಂದ ಬಳ್ಳಾರಿ ಜಾಲಿಯ ಪೊದೆಗಳನ್ನು ನೋಡುತ್ತಿದ್ದ. ಮೊದಲು ಅವನಿಗೆ ಈ ತಾಲೂಕುಗಳೆಲ್ಲ ಊರುಗಳ ಹೆಸರಿನಿಂದ ಗೊತ್ತಿದ್ದವು. ಈಗ ಜಾಲಿಯಿಂದ, ಮೋರಿಯಿಂದ, ನೀರಿರುವ ಹಳ್ಳದಿಂದ ಗೊತ್ತು. ಹಡಗಲಿ ರಸ್ತೆ ಒಳ್ಳೆಯ ರಸ್ತೆ, ಎರಡೂ ಬದಿಗೆ ಮರೆ. ಹಗರಿಬೊಮ್ಮನಹಳ್ಳಿಯ ಕಡೆ ನಡುವೆ ಬೋಳು ಬಯಲು, ಆ ಕಡೆಯ ಮದುವೆಗಳಿಗೆ ಅವನು ಹೋಗುವುದನ್ನೇ ಬಿಟ್ಟಿದ್ದ. ನಿನ್ನೆ ಮಧ್ಯಾಹ್ನದಿಂದ ಬರೀ ಗಂಜಿ ಕುಡಿದಿದ್ದ, ಬೆಳಿಗ್ಗೆ ಎದ್ದ ಕೂಡಲೇ ಭೇದಿ ಕಟ್ಟುವ ಗುಳಿಗೆ ನುಂಗಿದ್ದ, ಒಳಗೆ ಜಂಬಕ್ಕ ಹಳೇ ಪಂಚೆ ಹರಿದು ಮಡಿಸಿ ಕೊಟ್ಟ ಬಟ್ಟೆ ಇತ್ತು. ಮೊದಲ ಸಲ ಅದನ್ನು ಕೊಟ್ಟಾಗ ಅವನು ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿದ್ದ. "ನಾವು ಹುಡುಗ್ಯಾರಿದ್ದಾಗಿಂದ ಕಟ್ಕೊಂಡೇ ಹೊಲಕ್ಕೂ ಹೋಗೀವಿ, ಒಲಿಮುಂದೂ ಕುಂತೀವಿ," ಅಂದಿದ್ದಳು ಅವಳು. "ನಿಮಗೇನು ಕೋಡು ಬಂದಾವೇನು?" ಆಮೇಲೆ ಅವನು ತನ್ನ ಮಂಚವನ್ನು ಪಡಸಾಲೆಗೆ ಹಾಕಿಸಿಕೊಂಡ. ಸೆಕೆ ಎಂದು ನೆಪ ಹೇಳಿದ. ಸೆಕೆಯಲ್ಲ. ಗಂಡಹೆಂಡಿರ ವಿಷಯದಲ್ಲಿ ನರಕ್ಕೆ ಪೆಟ್ಟಾಗಿರಬಹುದು ಎಂದು ಡಾಕ್ಟರು ಎತ್ತಲೋ ನೋಡುತ್ತ ಹೇಳಿದ್ದು ನಿಜವಾಗಿತ್ತು. ಅವಳ ಪಕ್ಕದಲ್ಲಿ ಸುಮ್ಮನೆ ಮಲಗುವುದಕ್ಕಿಂತ ದೂರ ಮಲಗುವುದು ಮರ್ಯಾದೆ ಎಂದು ಅವನಿಗೆ ಅನಿಸಿತ್ತು. ಜಂಬಕ್ಕ ಕೆಲವು ದಿನ ಸುಮ್ಮನಿದ್ದಳು. ಆಮೇಲೆ ಒಂದು ಸಂಜೆ ತನ್ನ ಹಾಸಿಗೆಯನ್ನೂ ತಂದು ಪಡಸಾಲೆಯಲ್ಲಿ ಹಾಸಿ, "ನನಗೂ ಸೆಕಿ" ಅಂದಳು. ಅದು ಮಾಗಿಯ ಚಳಿಗಾಲ. ಅವಳ ಕೈ ಅವನ ಎದೆಯ ಮೇಲೆ ಬಿದ್ದಾಗ ಅವನಿಗೆ ಅಳು ಬಂದಿತ್ತು. ಈಗ ಟ್ರ್ಯಾಕ್ಸಿನ ಹಿಂದಿನ ಸೀಟಿನಲ್ಲಿ ಅದೇ ಕೈ ಹೂವಿನ ಬುಟ್ಟಿ ಹಿಡಿದುಕೊಂಡು ಕೂತಿತ್ತು. ಅವನು ತಿರುಗಿ ನೋಡಿದ. "ಬೇಕೇನು, ನಿಲ್ಲಿಸಬೇಕೇನು?" ಎಂದು ಅವಳು ಹುಬ್ಬಿನಲ್ಲೇ ಕೇಳಿದಳು. ಇಲ್ಲ ಎಂದು ತಲೆಯಾಡಿಸಿದ.

ತೆಲಿಗಿಯ ಮನೆಯ ಕಟ್ಟೆಯ ಮೇಲೆ ಹುಡುಗನ ಅಜ್ಜ ಚೌಡಣ್ಣ ಕಾಯುತ್ತಿದ್ದ. ಮುದುಕನಿಗೆ ಮೂಲವ್ಯಾಧಿ ಯೌವನದಿಂದಲೂ ಇತ್ತು. ಬೀಗನಿಗೂ ಅದೇ ಎಂದು ಕೇಳಿದಾಗಿನಿಂದ ಅವನಿಗೆ ಕಳೆದುಹೋದ ತಮ್ಮ ಸಿಕ್ಕಷ್ಟು ಖುಷಿ. ಕೈಹಿಡಿದು ಕಟ್ಟೆಯ ಮೂಲೆಗೆ ಎಳೆದೊಯ್ದು ಕಿವಿಯಲ್ಲಿ, "ಮೆತ್ತನ್ನ ದಿಂಬು ಹಾಕ್ಸೀನ್ರಿ ನಿಮಗ. ನಮ್ಮ ಬ್ಯಾನಿ ಉಳಿದೋರಿಗೆ ಏನು ಗೊತ್ತು!" ಅಂದ. ನಾಗೇಂದ್ರಪ್ಪನಿಗೆ ಮುದುಕನ ಮುಖ ನೋಡಲಾಗಲಿಲ್ಲ. ದಿಂಬು ನಿಜಕ್ಕೂ ಮೆತ್ತಗಿತ್ತು.

ಜಮಖಾನದ ಮೇಲೆ ಈ ಕಡೆ ಕೊಟ್ಟೂರಿನವರು, ಆ ಕಡೆ ಚೌಡಣ್ಣ, ಅವನ ಮಗ ಯರ್ರಿಸ್ವಾಮಿ ಎಂದರೆ ಹುಡುಗನ ಅಪ್ಪ, ಇನ್ನಿಬ್ಬರು. ಹುಡುಗ ಕಂಬಕ್ಕೆ ಒರಗಿ ನಿಂತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಎರ್ರಮ್ಮ, ಪಕ್ಕದಲ್ಲಿ ಜಂಬಕ್ಕ. ಮಂಡಕ್ಕಿ ಮಿರ್ಚಿ ಬಂತು. ಮಿರ್ಚಿಯ ವಾಸನೆಗೇ ನಾಗೇಂದ್ರಪ್ಪನ ಹೊಟ್ಟೆ ಮಗ್ಗುಲಾಯಿತು. ಒಂದು ಮುಷ್ಟಿ ಮಂಡಕ್ಕಿ ತೆಗೆದು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡ. ಮಾತು ಸರಾಗವಾಗಿ ಹೋಗುತ್ತಿತ್ತು. ಮದುವೆ ಎಲ್ಲಿ ಎಂಬುದು ಇತ್ಯರ್ಥವಾಯಿತು, ಯಾರ ಕಡೆಯ ಸ್ವಾಮಿಗಳು ಎಂಬುದೂ ಆಯಿತು. ಆಮೇಲೆ ಯರ್ರಿಸ್ವಾಮಿ ಗಂಟಲು ಸರಿಮಾಡಿಕೊಂಡು, "ಹುಡುಗಿ ಬಿ.ಎಡ್. ಮಾಡಾಕ ಹತ್ತ್ಯಾಳಂತ. ಸಾಕ್ರಿ ಅದು. ಮನಿಗೆ ಒಬ್ಬ ಮೇಷ್ಟ್ರು ಸಾಕು, ಇಬ್ರಾದ್ರ ನಮಗೂ ಪಾಠ ಮಾಡ್ತಾರ. ಈ ಬ್ಯಾಸಗಿಗೇ ಮದಿವಿ ಮುಗಿಸಿಬಿಡೋಣು," ಅಂದ.

ಇದು ಬರುತ್ತದೆಂದು ನಾಗೇಂದ್ರಪ್ಪನಿಗೆ ಗೊತ್ತಿತ್ತು. ಓದು ಮುಗಿಸದೆ ಮದುವೆಯಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಷ್ಟರಲ್ಲಿ ಕೆಳಗಿನಿಂದ ಬೇರೆ ಕರೆ ಬಂತು. ಅವನು ತೊಡೆ ಬಿಗಿಹಿಡಿದ. ಉಸಿರು ಬಿಗಿಹಿಡಿದ. ಮೋರಿ, ಜಾಲಿ, ಬಯಲು ಎಲ್ಲ ಕಣ್ಣಮುಂದೆ ಸುಳಿದವು. ಎದ್ದರೆ ಮುರಿಯಿತು, ಏಳದಿದ್ದರೆ ಮುದುಕನ ಮೆತ್ತನೆಯ ದಿಂಬಿನ ಮೇಲೇ ಮರ್ಯಾದೆ ಹೋಯಿತು. ನೀಲಗುಂದದಲ್ಲಿ ಅತ್ತ ಆ ಅಣ್ಣನ ಮುಖ ನೆನಪಾಯಿತು. ಅವನಿಗೂ ಹೀಗೇ ಆಗಿದ್ದಿರಬಹುದಲ್ಲ, ನಾನು ಅದನ್ನು ಗೆಲುವು ಅಂದುಕೊಂಡೆನಲ್ಲ ಎಂದು ಇಷ್ಟು ವರ್ಷಗಳ ಮೇಲೆ ಮೊದಲ ಸಲ ಹೊಳೆಯಿತು. ಮರುಗಳಿಗೆಯಲ್ಲಿ ಅವನು ಎದ್ದು ನಿಂತಿದ್ದ. ಯಾರ ಮುಖವನ್ನೂ ನೋಡದೆ ನಡುಮನೆ ದಾಟಿ, ದನದ ಕೊಟ್ಟಿಗೆ ದಾಟಿ, ಹಿತ್ತಲಿಗೆ ಹೋದ. ಪುಣ್ಯಕ್ಕೆ ಹೊಸದಾಗಿ ಕಟ್ಟಿದ ಸಂಡಾಸು ಇತ್ತು, ತೊಟ್ಟಿಯಲ್ಲಿ ನೀರೂ ಇತ್ತು.

ತಿರುಗಿ ಬರುವಾಗ ಯರ್ರಿಸ್ವಾಮಿಯ ಮುಖ ಸಪ್ಪಗಾಗಿತ್ತು. ಚೌಡಣ್ಣ ಎರಡೂ ಕೈ ಮುಂದೆ ಚಾಚಿದ.

"ಕುಂದ್ರಿ ಬೀಗರೇ, ಒಂದ್ ಮಾತಿಗೆ ಅಷ್ಟು ಸಿಟ್ಟು ಮಾಡ್ಕೊಂಡ್ರ ಹೆಂಗ? ಇವನಿಗೆ ಬುದ್ಧಿ ಹೇಳೀನಿ. ಹುಡುಗಿ ಓದ್ಲಿ. ಪರೀಕ್ಷಿ ಮುಗಿದ ಮ್ಯಾಲೇ ಮದಿವಿ. ಆತಲ್ಲ?"

ಕಂಬಕ್ಕೆ ಒರಗಿದ್ದ ಹುಡುಗ ನೆಲ ನೋಡಿಕೊಂಡು ನಗುತ್ತಿದ್ದ. ದಾಯಾದಿ ಹಿರಿಯನೊಬ್ಬ ನಾಗೇಂದ್ರಪ್ಪನ ತೊಡೆ ಚಿವುಟಿ, ಭಲೇ ಎಂಬಂತೆ ಕಣ್ಣು ಹೊಡೆದ. ನಾಗೇಂದ್ರಪ್ಪ ಕೂತ. ಮೊದಲು ಪುಷ್ಪಲತಾಳ ಮುಖ ನೆನೆದು ಖುಷಿಯೇ ಆಯಿತು. ಆಮೇಲೆ ನಾಚಿಕೆಯಾಯಿತು. ಇಷ್ಟು ದಿನ ಕೂತು ಗೆದ್ದವನು ಇವತ್ತು ಓಡಿಹೋಗಿ ಗೆದ್ದಿದ್ದ, ಅದೂ ಇಲ್ಲದ ಸಿಟ್ಟಿನ ಹೆಸರಿನಲ್ಲಿ. ತಟ್ಟೆಯಲ್ಲಿ ಎಲೆ ಅಡಿಕೆ ಬಂತು. ಈಗ ಸುಮ್ಮನೆ ಕೈಚಾಚಿದರೆ ಮುಗಿಯಿತು. ಬಾಗಿಲಲ್ಲಿ ಜಂಬಕ್ಕ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡವೆಂದೂ ಇಲ್ಲ, ಬೇಕೆಂದೂ ಇಲ್ಲ. ಹೊಂಚುಹಾಕಿ ಕಾದಿದ್ದ ಹಾಗೆ ಅವನ ಹೊಟ್ಟೆ ಮತ್ತೆ ತಿರುಗಿತು. ಅದರ ಸ್ವಭಾವವೇ ಹಾಗೆ. ಒಂದು ಸಲ ಕರೆದು ಸುಮ್ಮನಾಗುವುದಿಲ್ಲ, ಹಿಂದೆಯೇ ಇನ್ನೊಂದು ಸಲ ಕರೆಯುತ್ತದೆ. ಚಾಚಿದ ಕೈ ಹಿಂದಕ್ಕೆ ತೆಗೆದು ಅವನು ಮತ್ತೆ ಎದ್ದ.

"ಏ, ಇನ್ನೇನು ಬೇಕ್ರಿ ನಿಮಗ?" ಯರ್ರಿಸ್ವಾಮಿ ಸಿಡಿದ. "ಹುಡುಗನ್ನ ಮನಿ ಅಳಿಯನಾಗಿ ಕಳಿಸಬೇಕೇನು? ಹೆಣ್ಣಿನ ಕಡ್ಯೋರು ಇಷ್ಟು ದಿಮಾಕು ಮಾಡೋದು ನಾ ಎಲ್ಲೂ ನೋಡಿಲ್ಲ. ಎದ್ದು ಹೋಗೋರು ಹೋಗ್ಲಿ ಬಿಡಪ್ಪ!"

ನಾಗೇಂದ್ರಪ್ಪ ನಡುಮನೆಯ ಹೊಸ್ತಿಲ ಮೇಲೆ ನಿಂತ. ಎರಡೂ ಕಾಲು ಹೆಣೆದುಕೊಂಡು, ಚೌಕಟ್ಟು ಹಿಡಿದುಕೊಂಡು ನಿಂತ.

"ಸಿಟ್ಟಲ್ರೀ," ಅಂದ. "ಸಂಡಾಸಕ್ಕ. ಆಗ್ಲೂ ಅದಕ್ಕ, ಈಗ್ಲೂ ಅದಕ್ಕ. ನನಗ ಮೂಲವ್ಯಾಧಿ ಅಲ್ಲ. ಕ್ಯಾನ್ಸರ್ ಆಗಿತ್ತು, ಕೊಯ್ದು ತೆಗ್ದಾರ. ಈಗಿಲ್ಲ. ಆದ್ರ ತಡಕೊಳ್ಳಾಕ ಬರಲ್ಲ. ನಿಮಗ ಮುಚ್ಚಿಟ್ಟಿದ್ದೆ. ಉಳಿದದ್ದು ಬಂದು ಹೇಳ್ತೀನಿ, ನನ್ನ ಬಿಡ್ರಪ್ಪ!"

ಯಾರೂ ಹಿಡಿದುಕೊಂಡಿರಲಿಲ್ಲ. ಅವನು ಓಡಿದ.

ಒಳಗೆ ಕೂತು ಸಂಬಂಧ ಹೋಯಿತು ಎಂದುಕೊಂಡ. ಪುಷ್ಪಲತಾಳಿಗೆ ಏನು ಹೇಳುವುದೆಂದು ಯೋಚಿಸಿದ. ಸುಣ್ಣದ ವಾಸನೆ ಇನ್ನೂ ಹೋಗಿರದ ಗೋಡೆಯಲ್ಲಿ ಯಾವ ಎತ್ತೂ ಇರಲಿಲ್ಲ, ಯಾವ ಮಾವನೂ ಇರಲಿಲ್ಲ. ವಿಚಿತ್ರವೆಂದರೆ ಇಷ್ಟೆಲ್ಲದರ ನಡುವೆ ಅವನಿಗೆ ಹಗುರಾಗಿತ್ತು, ಬೇಕಿದ್ದರೆ ಈಗ ಹಾಡಬಹುದು ಅನಿಸುವಷ್ಟು. ಕೈಕಾಲು ತೊಳೆದು, ಪಂಚೆ ಕೊಡವಿ, ನಿಧಾನವಾಗಿ ನಡೆದು ಒಳಗೆ ಬಂದ.

ಜಮಖಾನದ ಮೇಲಿಂದ ಯಾರೂ ಎದ್ದಿರಲಿಲ್ಲ. ಎಲೆ ಅಡಿಕೆಯ ತಟ್ಟೆ ನಡುವೆ ಹಾಗೇ ಇತ್ತು. ಚೌಡಣ್ಣ ಮಾತ್ರ ಮುಖ ಊದಿಸಿಕೊಂಡಿದ್ದ.

"ಹಂಗಾದ್ರ ನಿಮಗ ಮೂಲವ್ಯಾಧಿನೇ ಇಲ್ಲ?" ಅಂದ. ದನಿಯಲ್ಲಿ ಮೋಸಹೋದವನ ನೋವಿತ್ತು.

"ಇಲ್ರಿ. ತಪ್ಪಾತು."

"ಒಂಚೂರೂ ಇಲ್ಲ?"

ಜಂಬಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಎರ್ರಮ್ಮ ನಗಲಿಲ್ಲ. ಬಾಗಿಲಿಂದ ಮುಂದೆ ಬಂದು ಜಮಖಾನದ ಅಂಚಿನಲ್ಲೇ ಕೂತಳು. ಹೆಂಗಸರು ಹಾಗೆ ಬಂದು ಕೂರುವ ರೂಢಿಯಿರಲಿಲ್ಲ.

"ಮಕ್ಕಳಿಗೆ ಬರ್ತೈತೇನ್ರಿ ಅದು?" ನೇರವಾಗಿ ಕೇಳಿದಳು.

"ಬರ್ತೈತಂತ ಹೇಳಿಲ್ಲವ್ವ, ಬರೋದೇ ಇಲ್ಲಂತನೂ ಹೇಳಿಲ್ಲ. ನಲವತ್ತರ ಆಸುಪಾಸು ಒಮ್ಮಿ ತೋರಿಸ್ರಿ ಅಂದಾರ. ಬೇಗ ತೋರಿಸಿದ್ರ ಉಳೀತಾರ. ನಾ ಉಳ್ದಿಲ್ಲೇನು?" ಅವನು ಯರ್ರಿಸ್ವಾಮಿಯ ಕಡೆ ತಿರುಗಿದ. "ಇನ್ನೊಂದು ಮಾತು. ಓದಿನ ವಿಷಯ ನನ್ನ ಸಿಟ್ಟಿಗೆ ಅಂಜಿ ಒಪ್ಪಿದ್ರ, ಅದನ್ನ ವಾಪಸ್ ತಗೊಳ್ರಿ. ನನಗ ಸಿಟ್ಟು ಇರಲಿಲ್ಲ. ಬೇಕಂದ್ರ ಮತ್ತ ಮೊದಲಿಂದ ಮಾತಾಡೋಣು. ಸಂಬಂಧನೇ ಬ್ಯಾಡ ಅಂದ್ರೂ ನನಗ ಬೇಜಾರಿಲ್ಲ."

ಬೇಜಾರಿತ್ತು. ಬೆಟ್ಟದಷ್ಟಿತ್ತು.

ಎರ್ರಮ್ಮ ಎಲೆ ಅಡಿಕೆಯ ತಟ್ಟೆ ತನ್ನ ಕಡೆ ಸರಿಸಿಕೊಂಡಳು. "ನಮ್ಮಕ್ಕಗ ಎದಿಯಾಗ ಗಂಟಾಗಿತ್ತು," ಅಂದಳು. "ಗಂಡಸ್ರಿಗೆ ಹೆಂಗ ಹೇಳೋದಂತ ಮುಚ್ಕೊಂಡು ಮುಚ್ಕೊಂಡೇ ಹೋದ್ಲು. ನಾನೊಬ್ಬಾಕಿಗೇ ಗೊತ್ತಿತ್ತು. ನಾನೂ ಹೇಳ್ಲಿಲ್ಲ." ಆಮೇಲೆ ಮಗನ ಕಡೆ ಕೈ ಮಾಡಿ, "ಇವರು ಹೊಸ್ತಿಲ ಮ್ಯಾಲೆ ನಿಂತು ಹೇಳಿದ್ರು ನೋಡಪ್ಪ. ಹೇಳೋ ಮನಿ ಹುಡುಗಿ ನಮಗ ಬೇಕು. ಓದ್ಲಿ ಆಕಿ. ನಲವತ್ತಕ್ಕ ನಾ ಇರಲ್ಲ, ನೀವು ಕರ್ಕೊಂಡು ಹೋಗಿ ತೋರಿಸ್ರಿ."

"ನಾ ತೋರಿಸ್ತೀನಿ ಅಜ್ಜಿ," ಎಂದು ಹುಡುಗ ಕಂಬದ ಕಡೆಯಿಂದ ಹೇಳಿದ. ಆ ಮನೆಯಲ್ಲಿ ಅವತ್ತು ಅವನಾಡಿದ ಮೊದಲ ಮಾತು ಅದು. ಹೇಳಿ ಕಿವಿಯ ತನಕ ಕೆಂಪಾದ.

ಯರ್ರಿಸ್ವಾಮಿ ಮೀಸೆ ತಿರುವಿದ, ಬಿಟ್ಟ, ಮತ್ತೆ ತಿರುವಿದ. "ನೀವು ಮೊದ್ಲೇ ಹೇಳಬೇಕಾಗಿತ್ರಿ," ಅಂದ. "ಈಗ ಕುಂದ್ರಿ. ಮತ್ತ ಬಂತಂದ್ರ ಅಷ್ಟು ದೂರ ಓಡಬೇಕಲ್ಲ, ಕೊಟ್ಟಿಗಿ ದಾಟಿ?"

ಅದನ್ನು ಕೇಳಿ ಚೌಡಣ್ಣನ ಮುಖ ಅರಳಿತು. ಕೋಲು ಊರಿ ಎದ್ದೇಬಿಟ್ಟ. "ಎಲ್ರೂ ಏಳ್ರಿ, ಒಂದೊಂದು ತುದಿ ಹಿಡೀರಿ. ಜಮಖಾನ ಬಿಟ್ಟು ಏಳಬಾರದು ಅಂತ ಹಿರೇರು ಹೇಳ್ಯಾರ, ಜಮಖಾನನೇ ಎದ್ದು ಬರಬಾರದು ಅಂತ ಯಾರೂ ಹೇಳಿಲ್ಲ. ನಡೀರಿ ಹಿತ್ತಲಿಗೆ!"

ಹಾಗೆ ಆ ಮಧ್ಯಾಹ್ನ ಎರಡೂ ಊರಿನ ಹಿರಿಯರು ಜಮಖಾನದ ಅಂಚು ಹಿಡಿದುಕೊಂಡು, ಒಬ್ಬರ ಪಂಚೆ ಒಬ್ಬರು ತುಳಿಯುತ್ತ, ದನಗಳ ನಡುವಿನಿಂದ ಹಾದು ಹಿತ್ತಲ ಬೇವಿನ ಮರದ ನೆರಳಿಗೆ ಬಂದರು. ಸಂಡಾಸಿನ ಬಾಗಿಲು ಅಲ್ಲಿಂದ ಮಾರು ದೂರ. ಎಮ್ಮೆಯೊಂದು ಇವರನ್ನು ನೋಡಿ ಮೆಲುಕು ಹಾಕುವುದನ್ನೇ ಮರೆಯಿತು. ಎಲೆ ಅಡಿಕೆ ಕೈ ಬದಲಾಯಿತು. ಎರ್ರಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಜಂಬಕ್ಕ ಕಣ್ಣು ಒರೆಸಿಕೊಂಡಳು, ಹೊಗೆ ಎಂದಳು. ಹಿತ್ತಲಲ್ಲಿ ಒಲೆಯೇ ಇರಲಿಲ್ಲ.

ಮದುವೆ ಯಾವ ತಿಂಗಳು ಎಂಬ ಮಾತು ಶುರುವಾಗಿ ಯರ್ರಿಸ್ವಾಮಿ ಒಂದು ಹೇಳಿ, ದಾಯಾದಿ ಹಿರಿಯರು ಒಂದು ಹೇಳಿ ದನಿಗಳು ಏರುತ್ತಿದ್ದಾಗ ನಾಗೇಂದ್ರಪ್ಪನಿಗೆ ಮತ್ತೆ ಕರೆ ಬಂತು. ಅವನು ಸುಮ್ಮನೆ ಎದ್ದ. "ಬಂದೆ" ಅಂದ. ಯಾರೂ ತಲೆ ಎತ್ತಿ ನೋಡಲಿಲ್ಲ, ಯಾರೂ ಮಾತು ನಿಲ್ಲಿಸಲಿಲ್ಲ. ಒಳಗೆ ಕೂತರೆ ಹೊರಗಿನ ಜಗಳವೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಶ್ರಾವಣ ಕಳೀಲಿ ಅಂತಾರ ಇವರು," ಚೌಡಣ್ಣ ಬಾಗಿಲ ಕಡೆ ತಿರುಗಿ ಕೂಗಿದ. "ನೀವೇನಂತೀರಿ ಬೀಗರೇ?"

ನಾಗೇಂದ್ರಪ್ಪ ಒಳಗಿನಿಂದಲೇ ಗಂಟಲು ಸರಿಮಾಡಿಕೊಂಡ. "ದೀಪಾವಳಿ ಆಗ್ಲಿ," ಅಂದ. "ಅವಸರ ಏನೈತಿ? ನಾ ಇಲ್ಲೇ ಕುಂತೀನಿ, ಎಲ್ರೂ ಒಪ್ಪಿದ ಮ್ಯಾಲೇ ಏಳೋದು."